ಗಂಟಿನ ಕಿಟಕಿ

ಹಕ್ಕಿ ನೋಡುವವರಿಗೆ ದುರ್ಬೀನು ಬೇಕು, ಬೆಳಗಿನ ಜಾವದ ಎಚ್ಚರ ಬೇಕು. ನನ್ನ ಹವ್ಯಾಸಕ್ಕೆ ಎರಡೂ ಬೇಡ. ಪೊದೆ ಬೆಳೆದ ಖಾಲಿ ಸೈಟು, ಒಂದು ಭೂತಗನ್ನಡಿ, ಒಂದು ಹಳೆಯ ಬ್ಲೇಡು ಇದ್ದರಾಯಿತು. ಕಮ್ಯುನಿಸ್ಟ್ ಗಿಡದ ಕಾಂಡದಲ್ಲಿ ಗಂಟು ಹುಡುಕುವುದೇ ನನ್ನ ಸಂಜೆಯ ಕೆಲಸ.

ಕಾಂಗ್ರೆಸ್ ಗಿಡ, ಕಮ್ಯುನಿಸ್ಟ್ ಗಿಡ ಎಂದು ನಮ್ಮ ಕಳೆಗಳಲ್ಲೂ ಪಕ್ಷಭೇದವುಂಟು. ಎರಡರ ತವರೂ ಅಮೆರಿಕ ಖಂಡ ಎನ್ನುವುದು ತಮಾಷೆ. ಕಮ್ಯುನಿಸ್ಟಿನ ತವರಿನಲ್ಲಿ ಅದನ್ನೇ ನಂಬಿ ಬದುಕುವ ನೊಣವೊಂದಿದೆ, ಸೆಸಿಡೋಕ್ಯಾರಿಸ್ ಕನೆಕ್ಸಾ. ಕಳೆಯನ್ನು ಹದ್ದಿನಲ್ಲಿಡಲೆಂದು ನಮ್ಮ ವಿಜ್ಞಾನಿಗಳು 2003ರಲ್ಲಿ ಇಂಡೋನೇಷ್ಯಾದಿಂದ ಇದನ್ನು ತರಿಸಿದರು. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲವೆಂದು ಖಾತ್ರಿಯಾದ ಮೇಲೆ 2005ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಾವು, ಹಾಗಲ ಕೆಡಿಸುವ ಹಣ್ಣುನೊಣಗಳ ದಾಯಾದಿಯಾದರೂ ಇದು ಹಣ್ಣಿನ ಗೊಡವೆಗೇ ಹೋಗದು.

ಪಟ್ಟೆರೆಕ್ಕೆಯ ಪುಟ್ಟ ಹೆಣ್ಣು, ಕುಡಿಯಲ್ಲಿ ಇನ್ನೂ ಬಿಚ್ಚದ ಎಲೆಗಳ ನಡುವೆ ಮೊಟ್ಟೆ ಇಡುತ್ತದೆ. ಮರಿಹುಳು ಕೊರೆದುಕೊಂಡು ಕಾಂಡದೊಳಕ್ಕೆ ಇಳಿಯುತ್ತದೆ. ಆಗ ಗಿಡ ಸುತ್ತಲೂ ಊದಿಕೊಂಡು, ಕಬಳಿಸಲು ಬಂದವನಿಗೇ ಮನೆ ಕಟ್ಟಿ ಊಟವನ್ನೂ ಹಾಕುತ್ತದೆ. ಗಂಟನ್ನು ಉದ್ದಕ್ಕೆ ಸೀಳಿದರೆ ಒಳಗೆ ಬೆಳ್ಳಗಿನ ಹುಳು. ಒಂದೇ ಗಂಟಿನಲ್ಲಿ ಹಲವು ಇರುವುದೂ ಉಂಟು, ಒಂದೊಂದಕ್ಕೂ ಪ್ರತ್ಯೇಕ ಕೋಣೆ.

ನನಗೆ ಇಷ್ಟವಾದ ಭಾಗ ಮುಂದಿನದು. ನೊಣವಾದ ಮೇಲೆ ಕಾಂಡ ಕೊರೆಯಲು ಅದಕ್ಕೆ ದವಡೆಯಿರುವುದಿಲ್ಲ. ಹಾಗಾಗಿ ಬಾಯಿ ಗಟ್ಟಿಯಿರುವಾಗಲೇ ಹುಳು ಹೊರಗಿನವರೆಗೂ ದಾರಿ ಕೊರೆದು, ಕೊನೆಗೆ ಸಿಪ್ಪೆಯ ತೆಳು ಪದರವೊಂದನ್ನು ಮಾತ್ರ ಉಳಿಸಿ, ಹಿಂದೆ ಸರಿದು ಕೋಶವಾಗುತ್ತದೆ. ಗಂಟಿನ ಮೇಲೆ ಅರೆಪಾರದರ್ಶಕವಾದ ಆ ಪುಟ್ಟ ವೃತ್ತವೇ ಕಿಟಕಿ. ಬೆಳಕಿಗೆ ಹಿಡಿದು ಅದನ್ನು ಹುಡುಕುವ ಸುಖ ಹೇಳಿ ತಿಳಿಯುವಂಥದ್ದಲ್ಲ. ಕೋಶ ಬಿರಿದಾಗ ನೊಣ ತನ್ನ ಹಣೆಯನ್ನೇ ಚೀಲದಂತೆ ಉಬ್ಬಿಸಿ ದೂಡಿಕೊಂಡು ಹೊರಬರುತ್ತದೆ. ಮೊಟ್ಟೆಯಿಂದ ಇಲ್ಲಿಗೆ ಸುಮಾರು ಎರಡು ತಿಂಗಳು. ಕಿಟಕಿ ಮೂಡಿದ ಗಂಟುಗಳನ್ನು ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿದರೆ ಮನೆಯಲ್ಲೇ ನೋಡಬಹುದು. ಮನೆಯವರು ಗೊಣಗುತ್ತಾರೆ, ಅದಿರಲಿ.

ಗಂಟು ಬಿದ್ದ ಗಿಡ ಸೊರಗುತ್ತದೆ, ಹೂವು ಕಡಿಮೆಯಾಗುತ್ತದೆ. ಆದರೆ ನೊಣವೊಂದರಿಂದಲೇ ಪೊದೆ ತೊಲಗದು, ತೋಟದವರ ಕತ್ತಿ ಬೇಕೇ ಬೇಕು. ಕಡಿಯುವವರಲ್ಲಿ ಒಂದು ಕೋರಿಕೆ: ಕಿಟಕಿಯಿರುವ ಗಂಟಿನ ಕೊಂಬೆಗಳನ್ನು ಸುಡಬೇಡಿ. ಬೇಲಿಯಂಚಿನ ನೆರಳಿಗೆ ಎಸೆದುಬಿಡಿ, ಒಳಗಿನ ನೊಣ ಪಕ್ಕದ ಪೊದೆಯನ್ನು ತಾನೇ ಹುಡುಕಿಕೊಳ್ಳುತ್ತದೆ.