ಗಂಭೀರ, ಗುರುತರ, ಸೀರಿಯಸ್

ಕಾಸರಗೋಡಿನ ಕಡೆಯಿಂದ ಬರುವ ಆಂಬುಲೆನ್ಸ್ ಕೇರಳ-ಕರ್ನಾಟಕ ಗಡಿಯ ತಲಪಾಡಿ ಕಳೆದು, ನೇತ್ರಾವತಿ ಸೇತುವೆ ಕಳೆದು ಮಂಗಳೂರಿನ ಪಂಪ್‌ವೆಲ್ಲಿಗೆ ಮುಟ್ಟುವಷ್ಟರಲ್ಲಿ ಒಳಗೆ ಮಲಗಿದವರ ಸುದ್ದಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡಗಳಲ್ಲಿ ನೆಂಟರಿಗೆಲ್ಲ ಹೋಗಿರುತ್ತದೆ. ಭಾಷೆ ಯಾವುದಾದರೂ ನಡುವೆ ಬರುವ ಶಬ್ದ ಒಂದೇ: ಸೀರಿಯಸ್.

ಮೊದಮೊದಲು ಇದನ್ನು ಕೇಳಿದರೆ ನನಗೆ ಬೇಸರವಾಗುತ್ತಿತ್ತು. ಮಂಜೇಶ್ವರದ ಕನ್ನಡ ಶಾಲೆಯಲ್ಲಿ ಕಲಿತವನು ನಾನು. ಇದ್ದ ಶಬ್ದವನ್ನು ಬಿಟ್ಟು ಇಂಗ್ಲಿಷಿಗೆ ಕೈಚಾಚುವುದು ಗಡಿನಾಡಿನವನಿಗೆ ತುಸು ಹೆಚ್ಚೇ ನೋಯುತ್ತದೆ. ಆ ಬೇಸರ ಕಳೆದದ್ದು ಮಂಗಳೂರಿನ ಆಸ್ಪತ್ರೆಯೊಂದರ ವರಾಂಡದಲ್ಲಿ. ಸೋದರಮಾವ ಐಸಿಯುವಿನಲ್ಲಿದ್ದರು. ಪಯ್ಯನ್ನೂರಿನ ಭಾವನಿಗೆ ಫೋನು ಮಾಡಿ, ನನಗೆ ಬರುವ ಅಷ್ಟಿಷ್ಟು ಮಲಯಾಳದಲ್ಲಿ, ಮಾವನ ಸ್ಥಿತಿ ಗಂಭೀರ ಎಂದೆ. ಆ ಕಡೆ ಮಾತೇ ನಿಂತಿತು. ಮಲಯಾಳದಲ್ಲಿ ಗಂಭೀರ ಎಂದರೆ ಭರ್ಜರಿ, ಅಮೋಘ. ಅಲ್ಲಿ ಓಣದ ಊಟ ಗಂಭೀರವಾಗುತ್ತದೆ, ಜಾತ್ರೆ ಗಂಭೀರವಾಗುತ್ತದೆ. ರೋಗಿಯ ಸ್ಥಿತಿಗೆ ಅವರು ಹೇಳುವುದು ಗುರುತರ. ನಮಗೋ, ಗುರುತರ ಎಂದರೆ ಸಮ್ಮೇಳನದ ಅಧ್ಯಕ್ಷರ ಹೆಗಲೇರುವ ಹೊಣೆ. ಎರಡೂ ಸಂಸ್ಕೃತದಿಂದ ಬಂದವು, ಎರಡೂ ಇಬ್ಬರ ಮನೆಯಲ್ಲೂ ಇವೆ. ತಲಪಾಡಿಯಲ್ಲಿ ಮಾತ್ರ ಅದಲುಬದಲಾಗಿವೆ. 'ಭಾವಾ, ಸೀರಿಯಸ್ ಉಂಟು, ಬನ್ನಿ' ಎಂದೆ. ಅವರು ಸಿಕ್ಕಿದ ರೈಲು ಹತ್ತಿದರು.

ಹೀಗೆ ತೊಡಕಾಗುವ ಶಬ್ದ ಇನ್ನೂ ಉಂಟು. ಮಲಯಾಳದ 'ಅಪಕಟ' ನಮ್ಮ ಅಪಘಾತವೂ ಹೌದು, ಅಪಾಯವೂ ಹೌದು. ಬಸ್ಸು ಮಗುಚಿದೆಯೋ, ಮಗುಚೀತೆಂಬ ಹೆದರಿಕೆಯೋ, ಮುಂದಿನ ಮಾತು ಕೇಳಿಯೇ ತಿಳಿಯಬೇಕು. ಇಂಥ ಕಡೆ ಎಲ್ಲರಿಗೂ ಸಮಾನ ದೂರದಲ್ಲಿರುವ ಇಂಗ್ಲಿಷ್ ಶಬ್ದವೇ ನಂಬಿಗಸ್ತ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆ ನಂಬಿಕೆ ಮುರಿದದ್ದೂ ತಲಪಾಡಿಯಲ್ಲೇ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಡಯಾಲಿಸಿಸ್ಸಿಗೂ ಹೆರಿಗೆಗೂ ಮಂಗಳೂರನ್ನೇ ನಂಬಿದ್ದ ಜನ ಆಂಬುಲೆನ್ಸಿನಲ್ಲಿ ಕೂತು 'ಎಮರ್ಜೆನ್ಸಿ' ಎಂದರು. ಎರಡೂ ಕಡೆಯ ಪೊಲೀಸರಿಗೆ ಅರ್ಥವಾಗುವ ಶಬ್ದ ಅದು, ಆದರೂ ದಾರಿ ತೆರೆಯಲಿಲ್ಲ. ಚಿಕಿತ್ಸೆಗೆ ತಲುಪಲಾಗದೆ ಹಲವರು ತೀರಿಕೊಂಡರು. ತಡೆ ತೆಗೆಯಿರಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಬೇಕಾಯಿತು.

ಮಳೆಯ ಎಚ್ಚರಿಕೆಗೂ ನಾವು ನಂಬಿರುವುದು ಇಂಗ್ಲಿಷ್ ಶಬ್ದವನ್ನೇ. ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಸಂಜೆಯ ಮೊದಲ ಪ್ರಶ್ನೆ, 'ನಾಳೆ ರೆಡ್ ಅಲರ್ಟಾ?' ಕೇಳುವುದು ಮಕ್ಕಳು, ಅವರಿಗೆ ಬೇಕಾದದ್ದು ಜಿಲ್ಲಾಧಿಕಾರಿಗಳು ಶಾಲೆಗೆ ಕೊಡುವ ರಜೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಅದು ಅತ್ಯಂತ ಭಾರಿ ಮಳೆ. ಕೆಂಪು ಬಣ್ಣ ಸಾಮಾನ್ಯವಾಗಿ ಅಂಥದ್ದಕ್ಕೆ. ಇಲಾಖೆ ಬಣ್ಣಕ್ಕೊಂದು ಶಬ್ದವನ್ನೂ ಇಟ್ಟಿದೆ: ಹಳದಿಗೆ ವಾಚ್, ಕಿತ್ತಳೆಗೆ ಅಲರ್ಟ್, ಕೆಂಪಿಗೆ ವಾರ್ನಿಂಗ್. ಗಮನಿಸುತ್ತಿರಿ, ತಯಾರಾಗಿ, ಈಗಲೇ ಮಾಡಿ ಎಂಬ ಮೂರು ಮೆಟ್ಟಿಲು. ಊರಿಗೆ ಬರುವಾಗ ಮೂರೂ ಅಲರ್ಟ್ ಆದವು, ಮೆಟ್ಟಿಲು ಕಳಚಿತು. ಬಂದರುಗಳು ಮೆಟ್ಟಿಲು ಉಳಿಸಿಕೊಂಡಿವೆ: ಅಲ್ಲಿನ ಬಿರುಗಾಳಿ ಸಂಕೇತಗಳಲ್ಲಿ 1ರಿಂದ 11ರವರೆಗೆ ನಂಬರುಗಳಿವೆ. ಅಪಾಯಕ್ಕೆ 5ರಿಂದ 7, ಮಹಾ ಅಪಾಯಕ್ಕೆ 8ರಿಂದ 10. ದರ್ಜೆ ತಪ್ಪಿದರೆ ಜೀವ ಹೋಗುತ್ತದೆಂದು ತಿಳಿದವರು ಮಾಡಿದ ಏರ್ಪಾಡು ಅದು.

ವಾರ್ನಿಂಗ್ ಶಬ್ದ ನಮ್ಮಲ್ಲಿ ಯಾಕೆ ನಿಲ್ಲಲಿಲ್ಲ? ಅದು ಆಗಲೇ ಬೇರೆ ಕೆಲಸಕ್ಕೆ ಸೇರಿತ್ತು ಎಂದು ನನಗೆ ಅನಿಸುತ್ತದೆ. ವಾರ್ನಿಂಗ್ ಎಂದರೆ ಹೆಡ್‌ಮಾಸ್ಟರು ಹುಡುಗನಿಗೆ, ಬಸ್ಸಿನ ಧಣಿ ಕಂಡಕ್ಟರನಿಗೆ ಕೊಡುವಂಥದ್ದು, ಮೇಲಿನವರ ಗದರಿಕೆ. ಆಕಾಶ ಗದರಿಸುತ್ತದೆಂದು ಯಾರು ಎಣಿಸುತ್ತಾರೆ? ಡೇಂಜರ್ ಮನುಷ್ಯರಿಗೆ ಅಂಟಿತು: 'ಅವ ಭಾರಿ ಡೇಂಜರ್ ಜನ.' ರಿಸ್ಕ್ ಒಲ್ಲೆನೆನ್ನುವುದಕ್ಕೆ ಒದಗಿತು: 'ರಿಸ್ಕ್ ಬೇಡ ಮಾರಾಯ್ರೆ.'

2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿತ್ತು. ಎಳೆಯ ಮಕ್ಕಳು ಹೋದರು. ಅಂದಿನಿಂದ ಫೋನಿಗೆ ಬರುವ ರೆಡ್ ಅಲರ್ಟಿನ ಕೆಂಪು ಚೌಕ ನೋಡುವಾಗಲೆಲ್ಲ ಅದರ ಕೆಳಗೆ ಇನ್ನೊಂದು ಸಾಲಿಗಾಗಿ ಹುಡುಕುತ್ತೇನೆ. ಮನೆ ಹಿಂದಿನ ಬರೆ ನೋಡಿ, ಬಿರುಕು ಕಂಡರೆ ಇವತ್ತು ರಾತ್ರಿ ಅಲ್ಲಿ ಮಲಗಬೇಡಿ, ತೋಡು ದಾಟಬೇಡಿ ಎಂಬಂಥ ಸಾಲು. ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಅದು ಬರಬೇಕು. ಅಲರ್ಟ್ ಶಬ್ದ ಇರಲಿ. ಅದರ ಜತೆ ಮಾಡಬೇಕಾದ ಕೆಲಸದ ಹೆಸರೂ ಇರಲಿ.

ಕಳೆದ ಮಳೆಗಾಲದಲ್ಲಿ ಅಂಥದೊಂದು ರಜೆಯ ದಿನ ನಮ್ಮ ಓಣಿಯ ಹುಡುಗರು ಟವೆಲು ಹೆಗಲಿಗೆ ಹಾಕಿ ಫಲ್ಗುಣಿ ಹೊಳೆಯ ಬದಿಗೆ ಹೊರಟಿದ್ದರು. ರೆಡ್ ಅಲರ್ಟ್ ಎಂದು ಅವರಿಗೆ ಗೊತ್ತಿತ್ತು, ರಜೆ ಬಂದದ್ದೇ ಅದರಿಂದ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಜ್ಜಿ ತಲೆಯೆತ್ತಿ ಕೂಗಿದರು: 'ಸುದೆ ದಿಂಜಿದ್ಂಡ್, ಜಪ್ಪೊಡ್ಚಿ!' ಹೊಳೆ ತುಂಬಿದೆ, ಇಳಿಯಬೇಡಿ. ಹುಡುಗರು ತುಸು ಹೊತ್ತು ಗೇಟಿನ ಹತ್ತಿರ ನಿಂತರು. ಆಮೇಲೆ ಮನೆಗಳ ಕಡೆ ತಿರುಗಿದರು.