ಅಣ್ಣನ ಕಾಂಟೆಸ್ಸಾ

ಪಿತ್ರಾರ್ಜಿತವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹೊಲ, ಮನೆ, ಒಂದಿಷ್ಟು ಬಂಗಾರ. ಹೊಲ ಬೀಳುಬಿದ್ದರೂ ಹೊಲವೇ. ಬಂಗಾರ ಪೆಟ್ಟಿಗೆಯಲ್ಲಿದ್ದರೂ ಬಂಗಾರವೇ. ಮೋಟಾರು ವಾಹನದ ಸಂಗತಿ ಹಾಗಲ್ಲ. ಅದು ಓಡುವುದನ್ನು ನಿಲ್ಲಿಸಿದ ದಿನದಿಂದಲೇ ಕೆಡತೊಡಗುತ್ತದೆ. ಸೇವಾವಧಿಯುದ್ದಕ್ಕೂ ಸ್ಕೂಟರಿನಲ್ಲೇ ಶಾಲೆಗೆ ಹೋಗಿಬಂದ ನನಗೆ ಈ ಸತ್ಯ ಮನವರಿಕೆಯಾದದ್ದು 2023ರಲ್ಲಿ, ತೀರಿಕೊಂಡ ಅಣ್ಣನ ಕಾಂಟೆಸ್ಸಾ ಕಾರು ನನ್ನ ಪಾಲಿಗೆ ಬಂದಾಗ. ಇಂದಿರಾನಗರದ ಸಿಗ್ನಲ್ಲಿನಲ್ಲಿ ನನ್ನನ್ನು ಅದರೊಳಗೆ ಕಂಡ ಹಳೆಯ ವಿದ್ಯಾರ್ಥಿಗಳಿಬ್ಬರು "ಮೇಷ್ಟ್ರು ಈ ವಯಸ್ಸಿನಲ್ಲಿ ಕಾರು ಕೊಂಡರೆ?" ಎಂದು ವಿಚಾರಿಸಿದರಂತೆ. ಅವರಿಗೆ ಉತ್ತರವಾಗಿ ಈ ಬರೆಹ.

ಕಾಂಟೆಸ್ಸಾ ಎಂಬ ಹೆಸರು ಇಂದಿನ ಮಕ್ಕಳಿಗೆ ಅಪರಿಚಿತ. ಅಂಬಾಸಡರ್ ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ತನ್ನ ಕಾರ್ಖಾನೆಯಿಂದ 1984ರಲ್ಲಿ ಹೊರತಂದ ಐಷಾರಾಮಿ ಕಾರು ಇದು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಎಂಬ ಕಾರು ಇದರ ಮೂಲ. ಮೊದಮೊದಲು ಅಂಬಾಸಡರಿನ 1.5 ಲೀಟರ್ ಎಂಜಿನ್ನನ್ನೇ ಇದಕ್ಕೂ ಕೂರಿಸಿದ್ದರಿಂದ ನೋಟಕ್ಕೆ ತಕ್ಕ ಓಟವಿರಲಿಲ್ಲ. ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನೂ ಐದು ಗೇರುಗಳೂ ಬಂದ ಮೇಲೆ ಆ ಕೊರತೆ ನೀಗಿತು. ದೊಡ್ಡ ಅಧಿಕಾರಿಗಳು, ಉದ್ಯಮಿಗಳು ಇದರಲ್ಲಿ ಓಡಾಡುತ್ತಿದ್ದರು. ವಿದೇಶಿ ಕಂಪನಿಗಳ ಹೊಸ ಕಾರುಗಳು ಬಂದಂತೆ ಇದರ ಬೇಡಿಕೆ ಇಳಿದು, 2002ರಲ್ಲಿ ತಯಾರಿಕೆಯೇ ನಿಂತುಹೋಯಿತು.

ಅಣ್ಣ ಇದನ್ನು ಕೊಂಡದ್ದು 1998ರಲ್ಲಿ, ಸೆಕೆಂಡ್ ಹ್ಯಾಂಡ್. ಗಾಡಿ 1993ರದು, ನೋಂದಣಿ ಬೆಂಗಳೂರು ಪೂರ್ವದ್ದು, ಕೆಎ 03. ಎಚ್‌ಎಎಲ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವನಿಗೆ ಯಂತ್ರಗಳೆಂದರೆ ಮಕ್ಕಳಿದ್ದಂತೆ. ಸ್ವಂತ ಮಕ್ಕಳಿರಲಿಲ್ಲ, ಅತ್ತಿಗೆಯೂ ಮೊದಲೇ ತೀರಿಕೊಂಡಿದ್ದರು. ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಸಮೀಪದ ಓಣಿಯಲ್ಲಿ ಅವನ ಮನೆ. ಕಾರನ್ನು ಗೇಟಿನೊಳಗೆ ತರಲು ಪ್ರತಿಸಲವೂ ಮೂರು ಬಾರಿ ಹಿಂದೆ ಮುಂದೆ ಮಾಡಬೇಕಿತ್ತು. ನನಗೆ ಕಾರು ಓಡಿಸಲು ಕಲಿಸಿದವನೂ ಅವನೇ, ಇದೇ ಗಾಡಿಯಲ್ಲಿ, ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ, ಭಾನುವಾರದ ನಸುಕಿನಲ್ಲಿ. 2017ರಲ್ಲಿ ಅವನ ದೃಷ್ಟಿ ಮಂದವಾಗಿ ಕಾರು ನಿಂತಿತು. ನಿಂತದ್ದು ಆರು ವರ್ಷ ನಿಂತೇ ಇತ್ತು.

ಉತ್ತರಕ್ರಿಯೆಗಳು ಮುಗಿದ ಮೇಲೆ ಮನೆಯಲ್ಲಿ ಕಾರಿನ ಮಾತು ಬಂತು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ನನ್ನ ಮಗ, "ಅಪ್ಪಾ, ಹಳೆಯ ಕಾರು ಹೊಗೆ ಉಗುಳುತ್ತದೆ, ದೆಹಲಿಯಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರು ಓಡಿಸಬಾರದೆಂದು ಹಸಿರು ನ್ಯಾಯಮಂಡಳಿಯೇ ಆದೇಶ ಮಾಡಿತ್ತು" ಎಂದ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಬೆಂಗಳೂರಿನಲ್ಲಿ ಅಂಥ ನಿಷೇಧವಿಲ್ಲದಿದ್ದರೂ, ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಗಾಡಿಯಲ್ಲಿಲ್ಲ. ಕೊಟ್ಟುಬಿಡುವುದೆಂದು ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ.

ಆಗ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ನೋಟುಪುಸ್ತಕ ಸಿಕ್ಕಿತು. ಪೆಟ್ರೋಲು ಹಾಕಿಸಿದ್ದು, ಎಣ್ಣೆ ಬದಲಿಸಿದ್ದು, ಓಡಿದ ಕಿಲೋಮೀಟರು, ಎಲ್ಲವನ್ನೂ ಅಣ್ಣ ತನ್ನ ದುಂಡು ಅಕ್ಷರಗಳಲ್ಲಿ ಬರೆದಿಟ್ಟಿದ್ದ. ಹಾಳೆ ತಿರುವಿದಂತೆ ಒಂದು ಸಾಲು ಮತ್ತೆ ಮತ್ತೆ ಕಂಡಿತು: "ಎರಡನೆಯ ಶನಿವಾರ. ಅಕ್ಕನ ಮನೆ. ಹೋಗಿಬಂದದ್ದು 22 ಕಿ.ಮೀ." ಅಕ್ಕನ ಮನೆ ಕೃಷ್ಣರಾಜಪುರದಲ್ಲಿ. ಹತ್ತೊಂಬತ್ತು ವರ್ಷಗಳಲ್ಲಿ ಅವನು ತಪ್ಪಿಸಿದ ಎರಡನೆಯ ಶನಿವಾರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈ ಕಾರು ಅಣ್ಣನ ಷೋಕಿಯೆಂದೇ ಬಂಧುಗಳೆಲ್ಲ ತಿಳಿದಿದ್ದೆವು. ಅದು ಮಾಡುತ್ತಿದ್ದ ಕೆಲಸ ಇದಾಗಿತ್ತು.

ಅಕ್ಕನಿಗೆ ಈಗ ಎಂಬತ್ತೆರಡು. ಮಂಡಿ ಬಾಗುವುದಿಲ್ಲ. ಎತ್ತರದ ಹೊಸ ಗಾಡಿಗಳಿಗೆ ಹತ್ತಲಾರಳು; ಆಟೋದ ಕುಲುಕಾಟ ತಡೆಯಲಾರಳು. 2023ರ ಅಕ್ಟೋಬರಿನಲ್ಲಿ ಮೆಟ್ರೋ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರ ಮುಟ್ಟಿತು. ನಾನೊಬ್ಬನೇ ಹೋಗುವುದಾದರೆ ಅದೇ ಸುಖ. ಆದರೆ ಅವಳನ್ನು ಹಲಸೂರಿಗೆ ಕರೆತರಲು ತಗ್ಗಾದ, ಸೋಫಾದಂಥ ಸೀಟು, ಅಗಲವಾದ ಬಾಗಿಲು ಬೇಕು. ಅಂಥದೊಂದು ನಮ್ಮ ಮನೆಯಲ್ಲೇ ಧೂಳು ಹೊದ್ದು ನಿಂತಿತ್ತು.

ಮೊದಲು ಕಾಗದಪತ್ರ. ಮಾಲೀಕರು ತೀರಿಕೊಂಡರೆ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು; ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ನನ್ನದೇನೂ ಆಕ್ಷೇಪವಿಲ್ಲವೆಂಬ ಅಕ್ಕನ ಪ್ರಮಾಣಪತ್ರ, ಎಲ್ಲವನ್ನೂ ಜೋಡಿಸಿದೆ. ಇನ್ನು ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು. ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಣ್ಣ 2008ರಲ್ಲಿ, 2013ರಲ್ಲಿ ಮಾಡಿಸಿದ್ದ. 2018ಕ್ಕೆ ಅದು ಮುಗಿದಿತ್ತು. ಎಂದರೆ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ಇನ್ನೊಂದು ಲಾರಿಯ ಬೆನ್ನೇರಿಯೇ ಅದು ಶಿವಾಜಿನಗರದ ಮೆಕ್ಯಾನಿಕ್ಕಿನ ಬಳಿಗೆ ಹೋಯಿತು.

ಆ ಸಾಹೇಬರಿಗೆ ನನ್ನಷ್ಟೇ ವಯಸ್ಸು. ನಾನು ಕೀ ತಿರುಗಿಸಲು ಕೈಹಾಕಿದ್ದೇ ತಡೆದರು. "ಬೇಡಿ ಸಾರ್. ನಿಂತಿರೋ ಗಾಡಿಗೆ ಮೊದ್ಲು ಎಣ್ಣೆ, ಆಮೇಲೆ ಬೆಂಕಿ." ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, ಮರುದಿನ ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದರು. ಒಣಗಿದ ಎಂಜಿನ್ನನ್ನು ಒಮ್ಮೆಲೇ ಚಾಲೂ ಮಾಡಿದರೆ ಒಳಗೆ ಗೀರು ಬೀಳುತ್ತದಂತೆ. ಟ್ಯಾಂಕಿನ ಪೆಟ್ರೋಲು ಕೊಳೆತು ಅಂಟಾಗಿತ್ತು. ಟ್ಯಾಂಕ್ ಇಳಿಸಿ ತೊಳೆದರು. ಕಾರ್ಬುರೇಟರ್ ಬಿಚ್ಚಿ, ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಶುಚಿಮಾಡಿದರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪುಗಳು ಬಾಳವೆಂದು ಎಲ್ಲವನ್ನೂ ಬದಲಿಸಿದರು. ಬ್ರೇಕಿನ ಒಳಗಿನ ರಬ್ಬರುಗಳೂ ಹೊಸದಾದವು. ಟೈರುಗಳು ನೋಡಲು ಚೆನ್ನಾಗಿಯೇ ಇದ್ದವು. ಆದರೆ ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಅವರು ತೋರಿಸಿದರು. 2411 ಎಂದಿತ್ತು: 2011ರ 24ನೆಯ ವಾರದಲ್ಲಿ ತಯಾರಾದದ್ದು. ಸವೆಯದಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ, ವೇಗದಲ್ಲಿ ಸಿಡಿಯಬಹುದು. ನಾಲ್ಕನ್ನೂ ಬದಲಿಸಿದೆ.

ಬಿಡಿಭಾಗಗಳದೇ ದೊಡ್ಡ ಚಿಂತೆಯಾಗಿತ್ತು. ಎಂಜಿನ್ನಿನ ಸಾಮಾನಿಗೆ ದಾರಿ ಸುಲಭವಾಯಿತು: ಇದೇ ಇಸುಜು ಎಂಜಿನ್ 1990ರ ದಶಕದಲ್ಲಿ ಅಂಬಾಸಡರಿಗೂ ಬಂದಿತ್ತು, ಆ ಅಂಬಾಸಡರಿನ ಸಾಮಾನು ಇನ್ನೂ ಸಿಗುತ್ತದೆ. ಆದರೆ ಒಡೆದ ಹಿಂದಿನ ದೀಪದ ಗಾಜಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆ; ಕೊನೆಗೆ ಅದು ದೊರೆತದ್ದು ಶಿವಾಜಿನಗರದ ಗುಜರಿಯಲ್ಲಿ, ಗೋಣಿಚೀಲದೊಳಗೆ. ಅಣ್ಣನ ನೋಟುಪುಸ್ತಕವನ್ನು ಸಾಹೇಬರು ನನ್ನಿಂದ ಓದಿಸಿಕೊಳ್ಳುತ್ತಿದ್ದರು. ಯಾವ ವರ್ಷ ಯಾವ ಭಾಗ ಬದಲಾಗಿದೆಯೆಂದು ತಿಳಿದಾಗ ಎಷ್ಟೋ ಬಿಚ್ಚುವ ಕೆಲಸ ಉಳಿಯಿತು. "ಈ ಕೆಲಸ ಕಲಿಯೋಕೆ ಯಾರೂ ಬರಲ್ಲ ಸಾರ್. ನಮ್ಮ ಹುಡುಗ ಕಂಪ್ಯೂಟರ್ ಹಚ್ಚಿ ನೋಡ್ತಾನೆ, ಇದಕ್ಕೆ ಹಚ್ಚೋಕೆ ಜಾಗವೇ ಇಲ್ಲ" ಎಂದು ನಕ್ಕರು. ಕಾರಿನ ವಾರಸುದಾರಿಕೆಗೆ ನಮೂನೆ 31 ಇದೆ. ಆ ಕೈಗಳ ವಿದ್ಯೆ ಯಾರ ಹೆಸರಿಗೆ ವರ್ಗವಾಗಬೇಕು? ಜೀವಮಾನವೆಲ್ಲ ಪಾಠ ಹೇಳಿದ ನನಗೆ ಆ ನಗೆ ಬಹಳ ದಿನ ಕಾಡಿತು.

ಐದು ತಿಂಗಳ ಬಳಿಕ ಸಾರಿಗೆ ಕಚೇರಿಯ ತಪಾಸಣೆ, ಹೊಗೆ ಪರೀಕ್ಷೆ, ವಿಮೆ, ಹಸಿರು ತೆರಿಗೆ ಎಲ್ಲ ಮುಗಿದವು. ನವೀಕರಣದ ಶುಲ್ಕ ಆಗ 5,000 ರೂಪಾಯಿ, ಜೊತೆಗೆ ವಿಳಂಬ ಶುಲ್ಕ. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದು 10,000 ಆಯಿತು. 50 ವರ್ಷ ತುಂಬಿದ್ದರೆ ವಿಂಟೇಜ್ ಎಂಬ ಗೌರವವಾದರೂ ದೊರೆಯುತ್ತಿತ್ತು. ನಮ್ಮದು ಮುಪ್ಪಿಗೂ ಪುರಾತನಕ್ಕೂ ನಡುವೆ ನಿಂತಿದೆ.

ಮುಂದಿನ ಎರಡನೆಯ ಶನಿವಾರ ಹಳೆ ಮದರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯ ದಟ್ಟಣೆ ದಾಟಿ, ತೂಗುಸೇತುವೆಯ ಮೇಲೆ ಹಾಯ್ದು ಅಕ್ಕನ ಮನೆ ತಲುಪಿದೆ. ಅವಳು ಕೋಲೂರಿ ಬಂದು, ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಾನೇ ಬಾಗಿಲು ತೆಗೆದು ಕುಳಿತು, "ಏನೋ, ಅವನ ಹಾಗೆ ಜೋರಾಗಿ ಓಡಿಸಬೇಡ ಕಣೋ" ಎಂದಳು. ಸೋಮೇಶ್ವರನ ದರ್ಶನ ಮಾಡಿಸಿ ಸಂಜೆ ಮರಳಿ ಬಿಟ್ಟುಬಂದೆ.

ಮಗನ ಆಕ್ಷೇಪವನ್ನು ನಾನು ಮರೆತಿಲ್ಲ. ಕಾರು ತಿಂಗಳಿಗೆ ಎರಡೇ ದಿನ ಹೊರಡುತ್ತದೆ. ಒಮ್ಮೆ ಅಕ್ಕನಿಗಾಗಿ, ಇನ್ನೊಮ್ಮೆ ಅದು ಕೆಡದಿರಲೆಂದು. ಉಳಿದ ಓಡಾಟಕ್ಕೆ ಮೆಟ್ರೋ ಇದೆ.

ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಿರಿಯರ ವಾಹನವೊಂದು ನಿಂತಿದ್ದರೆ, ಇಡುವುದೋ ಕೊಡುವುದೋ ಎಂದು ನಿರ್ಧರಿಸುವ ಮುನ್ನ ಅದು ಯಾರ ಯಾವ ಕೆಲಸಕ್ಕೆ ಓಡುತ್ತಿತ್ತು ಎಂಬುದನ್ನು ವಿಚಾರಿಸಿರಿ. ಆ ಕೆಲಸ ಮುಗಿದಿದ್ದರೆ ಗೌರವದಿಂದ ಕಳುಹಿಸಿಕೊಡಿ. ಮುಗಿದಿಲ್ಲವಾದರೆ ನೋಂದಣಿಯ ಕೊನೆಯ ದಿನಾಂಕವನ್ನೂ ಟೈರಿನ ಅಂಕಿಗಳನ್ನೂ ಮೊದಲು ನೋಡಿರಿ. ಅಣ್ಣನ ನೋಟುಪುಸ್ತಕದಲ್ಲಿ ಇನ್ನೂ ಇಪ್ಪತ್ತು ಖಾಲಿ ಹಾಳೆಗಳಿವೆ. ಅವನ ಕೊನೆಯ ಸಾಲಿನ ಕೆಳಗೆ ಗೆರೆಯೆಳೆಯದೆ, ಅದೇ ಕ್ರಮದಲ್ಲಿ ನಾನು ಬರೆಯುತ್ತಿದ್ದೇನೆ.