ಮೊಳೆಯಲ್ಲಿದ್ದ ಬ್ಯಾಡ್ಜು

ನಮ್ಮ ಮನೆಯ ಜಗಲಿಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಅಪ್ಪನ ಬ್ಯಾಡ್ಜು ನೇತಾಡುತ್ತಿತ್ತು. ಅಪ್ಪ ಸಣ್ಣ ಊರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಇರಬೇಕಾದ ಬ್ಯಾಡ್ಜು ಅದು. ಒಳಗೆ ಮೂರು ಪುಟ್ಟ ಬಿಲ್ಲೆಗಳು. ವಿಕಿರಣ ತಾಗಿದ್ದರೆ ಬಿಸಿ ಮಾಡಿದಾಗ ಅವು ಬೆಳಕು ಸೂಸುತ್ತವೆ. ಆ ಬೆಳಕನ್ನು ಅಳೆದರೆ ಡೋಸ್ ಎಷ್ಟೆಂದು ತಿಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಿಂದ ವರದಿ ಬರುತ್ತಿತ್ತು. ಪ್ರತಿ ಸಲವೂ ಸೊನ್ನೆ. ನನಗದು ಹೆಮ್ಮೆ.

ಈಗ ನನ್ನ ಪಿಎಚ್‌ಡಿ ಎಕ್ಸ್‌ರೇ ಕೋಣೆಗಳ ಗೋಡೆಗಳ ಮೇಲೆಯೇ. ಮೇಜಿನ ಮೇಲೆ ರೋಗಿಯ ಬದಲು ನೀರಿನ ಡಬ್ಬ ಇಟ್ಟು (ಅದಕ್ಕೆ ಫ್ಯಾಂಟಮ್ ಎಂಬ ಗಂಭೀರ ಹೆಸರಿದೆ), ಮೀಟರ್ ಹಿಡಿದು ಹೊರಗೆ ನಿಲ್ಲುತ್ತೇನೆ. ಯಂತ್ರದಿಂದ ಹೊರಟ ಕಿರಣ ನೇರ ರೋಗಿಯ ಮೇಲೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯುವುದಿಲ್ಲ. ರೋಗಿಯ ಮೈಯಿಂದ ಅದು ಎಲ್ಲ ದಿಕ್ಕಿಗೂ ಚದುರುತ್ತದೆ. ಒಂದು ಮೀಟರ್ ದೂರದಲ್ಲಿ, ಚರ್ಮದ ಮೇಲೆ ಬಿದ್ದುದರ ಸುಮಾರು ಸಾವಿರದಲ್ಲೊಂದು ಪಾಲು. ಎರಡು ಮೀಟರಿಗೆ ಸರಿದರೆ ಅದರ ಕಾಲು ಭಾಗ. ಕೋಣೆಯಲ್ಲಿ ನಿಂತವರ ಪಾಲಿಗೆ ರೋಗಿಯೇ ವಿಕಿರಣದ ಮೂಲ.

ಒಂಬತ್ತಿಂಚಿನ ಇಟ್ಟಿಗೆ ಗೋಡೆ ಈ ಚದುರಿದ ಕಿರಣವನ್ನು ಚೆನ್ನಾಗಿಯೇ ತಡೆಯುತ್ತದೆ. ತೊಂದರೆ ಬಾಗಿಲಲ್ಲಿ. ಅದಕ್ಕೆ ಬಡಿಯುವ ಸೀಸದ ತಗಡು ಮೆತ್ತಗಿನದು. ಸರಿಯಾಗಿ ಕೂರಿಸದಿದ್ದರೆ ತನ್ನ ಭಾರಕ್ಕೆ ತಾನೇ ಜಗ್ಗಿ, ಮೇಲೆ ಸಂದಿ ಬಿಡುತ್ತದೆ. ಒಂದು ಕಡೆ ಬಾಗಿಲ ಅಂಚಿನಲ್ಲಿ ಮೀಟರ್ ಏರಿತು. ಸರದಿಗೆ ಕಾಯುವವರ ಬೆಂಚು ಇದ್ದದ್ದೂ ಅಲ್ಲೇ. ತಗಡು ಬದಲಾಗುವುದು ಯಾವಾಗಲೋ, ಬೆಂಚನ್ನು ಮಾತ್ರ ನಾನೂ ಅಟೆಂಡರೂ ಅವತ್ತೇ ಆಚೆ ಎಳೆದೆವು.

ಅಪ್ಪ ನಿವೃತ್ತರಾದ ಮೇಲೆ ಕೇಳಿದೆ, ಬ್ಯಾಡ್ಜು ಯಾಕೆ ಮನೆಯಲ್ಲಿರುತ್ತಿತ್ತು ಅಂತ.

"ಜಾಸ್ತಿ ತೋರಿಸಿದರೆ ಬೇರೆ ಊರಿಗೆ ಹಾಕಿದರೆ? ನಿನ್ನ ಶಾಲೆ?"

ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಅಪ್ಪ ಬಹುಶಃ ಅದರೊಳಗೇ ಇದ್ದರು. ಆದರೆ ಆ ಬಹುಶಃವನ್ನು ನನ್ನ ಪ್ರಬಂಧದಲ್ಲಿ ಬರೆದರೆ ಗೈಡ್ ಹೊಡೆದು ಹಾಕುತ್ತಾರೆ. ಅಳತೆಯಾದದ್ದು ನಮ್ಮ ಜಗಲಿ, ಅಪ್ಪನಲ್ಲ. ಒಂದು ರಾತ್ರಿ ಲೆಕ್ಕಕ್ಕೆ ಕೂತೆ: ದಿನಕ್ಕೆ ಎಷ್ಟು ಫಿಲ್ಮು, ಪರದೆಯ ಹಿಂದೆ ಎಷ್ಟು ದೂರ. ಅಷ್ಟು ಸಿಕ್ಕಿತು. ಆದರೆ ಅಳುವ ಮಕ್ಕಳನ್ನು ಮೇಜಿನ ಮೇಲೆ ಅಲುಗದಂತೆ ಹಿಡಿಯುತ್ತಿದ್ದದ್ದು ಅಪ್ಪನೇ. ತಾಯಂದಿರು ಬಸುರಿಯರಿರಬಹುದು ಎಂದು ಅವರನ್ನು ಹೊರಗೆ ಕಳಿಸಿಬಿಡುತ್ತಿದ್ದರಂತೆ. ಅಲ್ಲಿ ದೂರ ಒಂದು ಮೊಳವೂ ಇರುವುದಿಲ್ಲ.

ಎಷ್ಟು ಮಕ್ಕಳು ಇರಬಹುದು ಎಂದು ಫೋನಿನಲ್ಲಿ ಕೇಳಿದೆ.

"ಲೆಕ್ಕ ಯಾರಿಟ್ಟಿದ್ದಾರೆ ಮಾರಾಯ್ತಿ" ಎಂದರು.